ಮನೆ ಅವರದು, ನೆಲ ಯಾರದು? ಮಲಯ ಹಳ್ಳಿಗಳು ಬಹುಮಹಡಿ ಊರುಗಳಾದ ಬಗೆ

"ಗಾಡಿ ಕಾಂಪೌಂಡ್ ಒಳಗೆ ನಿಲ್ಲಿಸಿ" ಅಂತ ನಾವು ದಿನಾ ಹೇಳ್ತೀವಿ. ಈ ಅರ್ಥದ ಕಾಂಪೌಂಡ್ ಎಂಬ ಪದ ಇಂಗ್ಲಿಷಿಗೆ ಬಂದದ್ದು ಬಹುಶಃ ಮಲಯ ಭಾಷೆಯ 'ಕಂಪುಂಗ್' ಪದದಿಂದ ಎಂದು ಪದಗಳ ಮೂಲ ಹುಡುಕುವವರು ಹೇಳುತ್ತಾರೆ. ಅಲ್ಲಿಂದ ಅದು ನಮ್ಮ ಬಾಯಿಗೂ ಬಂತು. ಕಂಪುಂಗ್ ಅಂದರೆ ಹಳ್ಳಿ, ಮನೆಗಳ ಗುಂಪು. ಆದರೆ ಮಲಯರ ಹಳೆಯ ಕಂಪುಂಗ್‌ನಲ್ಲಿ ಕಾಂಪೌಂಡ್ ಗೋಡೆಯೇ ಇರುತ್ತಿರಲಿಲ್ಲ. ಒಬ್ಬರ ಅಂಗಳ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಅಂತ ತಿಳಿಯಲು ಒಂದು ತೆಂಗಿನಮರ, ಒಂದಿಷ್ಟು ಗಿಡಗಳ ಸಾಲು ಸಾಕಾಗಿತ್ತು. ಮಕ್ಕಳು ಯಾರ ಮನೆಯ ಅಡಿಯಲ್ಲಾದರೂ ನುಸುಳಿ ಓಡಬಹುದಿತ್ತು.

ಮನೆಯ ಅಡಿಯಲ್ಲಿ ನುಸುಳುವುದು ಹೇಗೆ ಅನ್ನುವುದನ್ನು ಸ್ವಲ್ಪದರಲ್ಲೇ ಹೇಳುತ್ತೇನೆ. ಅದಕ್ಕೆ ಮೊದಲು ನನ್ನನ್ನು ಬಹಳ ಕಾಡಿದ ಪ್ರಶ್ನೆ ಹೇಳಿಬಿಡುತ್ತೇನೆ. ಸಿಂಗಾಪುರದಲ್ಲಿ ಇದ್ದ ನೂರಾರು ಕಂಪುಂಗ್‌ಗಳು ಸುಮಾರು ಮೂವತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋದವು. ಪಕ್ಕದ ಮಲೇಷ್ಯಾದ ರಾಜಧಾನಿ ಕೌಲಾಲಂಪುರದಲ್ಲಿ ಮಾತ್ರ, 452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರಗಳ ಎದುರಿಗೇ, ಕಂಪುಂಗ್ ಬಾರು ಎಂಬ ಹಳ್ಳಿ ನೂರಿಪ್ಪತ್ತು ವರ್ಷ ದಾಟಿ ಇನ್ನೂ ನಿಂತಿದೆ. ಎರಡೂ ಕಡೆ ಮಲಯರೇ. ಎರಡೂ ಕಡೆ ಅದೇ ಮರದ ಮನೆ. ಎರಡೂ ಕಡೆ ಆಳಿದವರು ಬ್ರಿಟಿಷರೇ. ಮತ್ತೆ ಒಂದು ಹೋಯಿತು, ಇನ್ನೊಂದು ಉಳಿಯಿತು, ಯಾಕೆ?

ಉತ್ತರ ಮರದಲ್ಲೂ ಇಲ್ಲ, ಕಾಂಕ್ರೀಟಿನಲ್ಲೂ ಇಲ್ಲ. ನೆಲದ ಕಾಗದಪತ್ರದಲ್ಲಿದೆ.

ಮೊದಲು ಮನೆ ನೋಡೋಣ. ಮಲಯರ ಮನೆ ಕಂಬಗಳ ಮೇಲೆ ನಿಲ್ಲುತ್ತದೆ. ಮಳೆ ಜಾಸ್ತಿ, ನೆಲ ತೇವ, ಹಾವು ಹುಳದ ಕಾಟ ಬೇರೆ. ಹಾಗಾಗಿ ನೆಲದಿಂದ ನಾಲ್ಕೈದು ಅಡಿ ಎತ್ತರಕ್ಕೆ ಹಲಗೆ ಹಾಸುತ್ತಾರೆ. ಹಲಗೆಗಳ ನಡುವಿನ ಸಂದಿಯಿಂದ ಗಾಳಿ ಮೇಲೆ ಬರುತ್ತದೆ. ಮಾಡಿಗೆ ನೀಪಾ ತಾಳೆಯ ಗರಿ. ಉರಿಬಿಸಿಲಿನಲ್ಲಿ ಫ್ಯಾನ್ ಇಲ್ಲದೆಯೂ ಅಲ್ಲಿ ತಂಪಾಗಿ ಕೂರಬಹುದು. ಮರಕ್ಕೆ ಮರ ಕೂಡಿಸಲು ಮೊಳೆ ಬೇಕಿರಲಿಲ್ಲ, ತೂತು ಕೊರೆದು ಬೆಣೆ ಹೊಡೆಯುತ್ತಿದ್ದರು. ಅಳತೆಗೆ ಟೇಪೂ ಇಲ್ಲ. ಎರಡೂ ಕೈ ಚಾಚಿದ ಉದ್ದವನ್ನು ಅವರು 'ದೆಪಾ' ಅಂತಾರೆ, ನಮ್ಮ 'ಮಾರು' ಇದ್ದ ಹಾಗೆ. ಮನೆಯವರ ಮೈಯಳತೆಯಲ್ಲೇ ಮನೆ ಏಳುತ್ತಿತ್ತು.

ಮೆಟ್ಟಿಲ ಬುಡದಲ್ಲಿ ಒಂದು ನೀರಿನ ಗುಡಾಣ, ಅದರ ಮೇಲೆ ತೆಂಗಿನ ಚಿಪ್ಪಿನ ಸೌಟು. ಬಂದವರು ಕಾಲು ತೊಳೆದೇ ಮೇಲೆ ಹತ್ತಬೇಕು. ಹತ್ತಿದ ಮೇಲೆ ಸಿಗುವುದು ಸೆರಾಂಬಿ, ಅಂದರೆ ಜಗಲಿ. ಹೊರಗಿನ ಗಂಡಸರು ಅಲ್ಲೇ ಕೂತು ಮಾತಾಡಿ ಹೋಗುತ್ತಾರೆ. ಒಳಗಿನ ದೊಡ್ಡ ಕೋಣೆಗೆ 'ರುಮಾ ಇಬು' ಎಂದು ಹೆಸರು. ಇಬು ಅಂದರೆ ತಾಯಿ, ಅದು ತಾಯಿಮನೆ. ಅಲ್ಲಿ ನೆಡುವ ಮುಖ್ಯ ಕಂಬ 'ತಿಯಾಂಗ್ ಸೆರಿ'. ಆ 'ಸೆರಿ' ನಮ್ಮ 'ಶ್ರೀ'ಯೇ, ಸಂಸ್ಕೃತದಿಂದ ಹೋದದ್ದು. ಹಿಂದುಗಡೆ ದಾಪುರ್, ಅಡುಗೆಮನೆ. ಅದು ಹೆಂಗಸರ ರಾಜ್ಯ. ಪಕ್ಕದ ಮನೆಯ ಹೆಂಗಸರು ಮುಂಬಾಗಿಲಿನಿಂದ ಬರುವುದೇ ಇಲ್ಲ, ಹಿತ್ತಲಿನಿಂದ ಸೀದಾ ಅಡುಗೆಮನೆಗೇ ಬರುತ್ತಾರೆ.

ಮನೆಯ ಅಡಿ ಇದೆಯಲ್ಲ, ಅದು ಸುಮ್ನೆ ಖಾಲಿ ಬಿಟ್ಟ ಜಾಗ ಅಲ್ಲ. ಕೋಳಿ, ಸೌದೆ, ಸೈಕಲ್, ಒಡೆದ ದೋಣಿ ಎಲ್ಲ ಅಲ್ಲೇ. ಮಗುವಿಗೆ ಜೋಲಿ ಕಟ್ಟುವುದೂ ಅಲ್ಲೇ. ಮಳೆ ಬಂದರೆ ಮಕ್ಕಳು ಆಡುವುದೂ ಅಲ್ಲೇ. ಈ ಜಾಗವನ್ನು ನೆನಪಿಟ್ಟುಕೊಳ್ಳಿ, ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಇಂಥ ಮನೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದಿತ್ತು. ಕೆಲವೊಮ್ಮೆ ಬಿಚ್ಚುವ ಗೋಜಿಗೂ ಹೋಗುತ್ತಿರಲಿಲ್ಲ. ಊರಿನ ಗಂಡಸರೆಲ್ಲ ಸೇರಿ ಅಡಿಗೆ ಬಿದಿರು, ಮರದ ದಿಮ್ಮಿ ಕಟ್ಟಿ, ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತು ಹೊಸ ಜಾಗಕ್ಕೆ ಒಯ್ಯುತ್ತಿದ್ದರು. ಕೂಲಿ ಇಲ್ಲ, ಕೆಲಸ ಮುಗಿದ ಮೇಲೆ ಊಟ ಅಷ್ಟೇ. ನಾಳೆ ಇವರ ಮನೆ ಕೆಲಸಕ್ಕೆ ಅವರು ಬರಬೇಕು. ಇದಕ್ಕೆ 'ಗೋತೊಂಗ್ ರೋಯೊಂಗ್' ಅಂತಾರೆ. ನಮ್ಮ ಮುಯ್ಯಾಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲೇ ಒಂದು ಸೂಕ್ಷ್ಮ ಇದೆ. ಮನೆಯನ್ನು ಹೊತ್ತು ಒಯ್ಯಬಹುದು ಅಂದರೆ ಮನೆ ಬೇರೆ, ನೆಲ ಬೇರೆ ಅಂತಾಯಿತು. ಸಿಂಗಾಪುರದ ಎಷ್ಟೋ ಕಂಪುಂಗ್‌ಗಳಲ್ಲಿ ಮನೆ ಅಲ್ಲಿದ್ದವರದು. ಅಜ್ಜ ಕಟ್ಟಿದ್ದು, ಅಪ್ಪ ರಿಪೇರಿ ಮಾಡಿದ್ದು, ಮಗ ಒಂದು ಕೋಣೆ ಸೇರಿಸಿದ್ದು. ಅದು ನಿಂತ ನೆಲ ಮಾತ್ರ ಬೇರೆ ಯಾರೋ ಜಮೀನುದಾರರದು, ಇಲ್ಲವೇ ಸರ್ಕಾರದ್ದು. ತಿಂಗಳಿಗೆ ಒಂದಿಷ್ಟು ನೆಲಬಾಡಿಗೆ ಕೊಟ್ಟರೆ ಆಯಿತು. ಎರಡು ಮೂರು ತಲೆಮಾರು ಹೀಗೇ ನಡೆದಿತ್ತು, ಯಾರಿಗೂ ತೊಂದರೆ ಅನಿಸಿರಲಿಲ್ಲ. ನೆಲಕ್ಕೆ ಬೆಲೆ ಬಂದ ದಿನ ಮಾತ್ರ ಕಾಗದದಲ್ಲಿ ಹೆಸರಿಲ್ಲ ಅನ್ನುವುದು ಎದ್ದು ಕಾಣಿಸಿತು.

ಆ ದಿನ ಬಂದದ್ದು 1960ರ ದಶಕದಲ್ಲಿ. ಸಿಂಗಾಪುರದಲ್ಲಿ ಆಗ ಜನ ತುಂಬಿ ತುಳುಕುತ್ತಿದ್ದರು. ಬ್ರಿಟಿಷರ ಕಾಲದ ಸಂಸ್ಥೆ 32 ವರ್ಷಗಳಲ್ಲಿ ಕಟ್ಟಿದ್ದು ಸುಮಾರು 23 ಸಾವಿರ ಮನೆ. 1960ರಲ್ಲಿ ಅದರ ಜಾಗಕ್ಕೆ ಹೌಸಿಂಗ್ ಬೋರ್ಡ್ ಬಂತು. ಎಚ್‌ಡಿಬಿ ಅಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಅದು ಮೊದಲ ಐದೇ ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಫ್ಲ್ಯಾಟ್ ಕಟ್ಟಿತು. 1961ರ ಮೇ 25ರಂದು ಬುಕಿತ್ ಹೊ ಸ್ವೀ ಎಂಬ ಕಡೆ ಬೆಂಕಿ ಬಿದ್ದು ಸುಮಾರು 16 ಸಾವಿರ ಜನ ಮನೆ ಕಳೆದುಕೊಂಡರು. ಅದು ಹೆಚ್ಚಾಗಿ ಚೀನೀಯರ ಕಂಪುಂಗ್. ಮರದ ಮನೆ, ಗರಿಯ ಮಾಡು, ಒತ್ತೊತ್ತಾದ ಸಾಲು, ಬೆಂಕಿಗೆ ಇನ್ನೇನು ಬೇಕು? ಸುಟ್ಟ ಜಾಗದಲ್ಲೇ ಬೋರ್ಡು ಬೇಗ ಬೇಗ ಫ್ಲ್ಯಾಟ್ ಎಬ್ಬಿಸಿತು. ಕಂಪುಂಗ್ ಅಂದರೆ ಅಪಾಯ, ಫ್ಲ್ಯಾಟ್ ಅಂದರೆ ಭದ್ರತೆ ಅನ್ನುವ ಮಾತಿಗೆ ಅಲ್ಲಿಂದ ಬಲ ಬಂತು.

ಆ ಮಾತಿನಲ್ಲಿ ಸುಳ್ಳಿಲ್ಲ ಅನ್ನುವುದನ್ನೂ ಹೇಳಬೇಕು. ಈಗ ಹಳೆಯ ಫೋಟೋ ನೋಡಿ ಕಂಪುಂಗ್ ಅಂದರೆ ಸ್ವರ್ಗ ಅನ್ನುವವರಿದ್ದಾರೆ. ಇಡೀ ಕೇರಿಗೆ ಒಂದೇ ನಲ್ಲಿ. ಬಕೆಟ್ ಕಕ್ಕಸು. ಸಿಂಗಾಪುರದಲ್ಲಿ ಕಕ್ಕಸಿನ ಬಕೆಟ್ ಹೊರುವ ಪದ್ಧತಿ ಪೂರ್ತಿ ನಿಂತದ್ದು 1987ರಲ್ಲಿ. ಮಳೆ ಜೋರಾದರೆ ಮೊಣಕಾಲುದ್ದ ನೀರು. ನೀರು ಹೊತ್ತವರು ಹೆಂಗಸರು, ಕೆಸರು ಬಳಿದವರೂ ಅವರೇ. ನಲ್ಲಿ ತಿರುಗಿಸಿದರೆ ಮನೆಯೊಳಗೇ ನೀರು ಬರುವುದು ಅವರ ಪಾಲಿಗೆ ಸಣ್ಣ ಸಂಗತಿ ಆಗಿರಲಿಲ್ಲ.

ಆದರೆ ನೆಲ ಸರ್ಕಾರದ ಕೈಗೆ ಹೋದ ಬಗೆಯೂ ಸಣ್ಣ ಸಂಗತಿ ಅಲ್ಲ. 1966ರಲ್ಲಿ ಭೂಸ್ವಾಧೀನ ಕಾಯ್ದೆ ಬಂತು. ಸಾರ್ವಜನಿಕ ಕೆಲಸಕ್ಕೆ ಬೇಕು ಅಂತ ಸರ್ಕಾರ ಹೇಳಿದರೆ ಮುಗಿಯಿತು, ನೆಲ ಕೊಡಲೇಬೇಕು. ಪರಿಹಾರ ಎಷ್ಟು ಅಂತ ತಕರಾರು ತೆಗೆಯಬಹುದು, ಕೊಡಲ್ಲ ಅನ್ನುವ ಹಾಗಿಲ್ಲ. ಮುಂದೆ ಪರಿಹಾರದ ದರವನ್ನು 1973ರ ನವೆಂಬರ್ ತಿಂಗಳ ಬೆಲೆಗೆ ಕಟ್ಟಿಹಾಕಿದರು. ಅಂದರೆ ಆಮೇಲೆ ಬೆಲೆ ಎಷ್ಟೇ ಏರಿದರೂ ವರ್ಷಗಟ್ಟಲೆ ಲೆಕ್ಕ ಹಿಂದಿನದೇ. ಪೂರ್ತಿ ಮಾರುಕಟ್ಟೆ ದರ ಕೊಡುವ ತಿದ್ದುಪಡಿ ಬಂದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಕಂಪುಂಗ್‌ಗಳ ಕಥೆ ಮುಗಿದಿತ್ತು. 1960ರಲ್ಲಿ ದ್ವೀಪದ ನೆಲದಲ್ಲಿ ಅರ್ಧಕ್ಕಿಂತ ಕಡಿಮೆ ಸರ್ಕಾರದ್ದಾಗಿತ್ತು. 1980ರ ದಶಕದ ನಡುವಿಗೆ ಮುಕ್ಕಾಲು ಭಾಗ ಸರ್ಕಾರದ್ದೇ ಆಯಿತು.

ಇಷ್ಟೂ ನೆಲದ ಮಾಲೀಕರ ಮಾತು. ನೆಲ ಇಲ್ಲದೆ ಮನೆ ಮಾತ್ರ ಇದ್ದವರಿಗೆ? ಅವರಿಗೆ ಮನೆಯ ಕಟ್ಟಡಕ್ಕೆ ಒಂದಿಷ್ಟು, ಹಿತ್ತಲಿನ ಹಣ್ಣಿನ ಮರಗಳಿಗೆ ಒಂದಿಷ್ಟು ಪರಿಹಾರ, ಜೊತೆಗೆ ಫ್ಲ್ಯಾಟ್ ಪಡೆಯುವಲ್ಲಿ ಆದ್ಯತೆ. ಅಧಿಕಾರಿಗಳು ಬಂದು ಕೋಣೆ ಎಷ್ಟು, ಮರ ಎಷ್ಟು ಅಂತ ಬರೆದುಕೊಂಡು ಹೋಗುತ್ತಿದ್ದರು. ಅಜ್ಜ ನೆಟ್ಟ ಮರವೂ ಪಟ್ಟಿಯಲ್ಲಿ ಒಂದು ಸಾಲು. ಫ್ಲ್ಯಾಟ್ ಕೊಳ್ಳಲು 1968ರಿಂದ ಪಿಎಫ್ ದುಡ್ಡನ್ನು ಬಳಸಲು ಬಿಟ್ಟರು. ಹಾಗಾಗಿ ತಿಂಗಳ ಸಂಬಳ ಇದ್ದವರಿಗೆ ಫ್ಲ್ಯಾಟ್ ಕೈಗೆಟಕುವಂತಾಯಿತು. ಮೀನು ಹಿಡಿದು, ತೋಟ ಮಾಡಿ ಬದುಕಿದವರಿಗೆ ಕಷ್ಟವಾಯಿತು. ದಕ್ಷಿಣದ ಪುಟ್ಟ ದ್ವೀಪಗಳಲ್ಲಿ ಕಡಲನ್ನೇ ನಂಬಿದ್ದ ಮಲಯರನ್ನೂ ಹೀಗೇ ಫ್ಲ್ಯಾಟ್‌ಗಳಿಗೆ ಸ್ಥಳಾಂತರಿಸಿದರು. ಸೆಮಕಾವು ದ್ವೀಪದ ಕೊನೆಯ ಜನ 1990ರ ದಶಕದ ಮೊದಲ ವರ್ಷಗಳಲ್ಲಿ ಹೊರಟರು. 1999ರಿಂದ ಅಲ್ಲಿ ಸಿಂಗಾಪುರದ ಕಸದ ಬೂದಿ ತುಂಬಿಸುತ್ತಿದ್ದಾರೆ.

ಹೆಸರುಗಳು ಮಾತ್ರ ಉಳಿದವು. 1920ರ ದಶಕದ ಕೊನೆಯಲ್ಲಿ ಮೊಹಮದ್ ಯೂನೋಸ್ ಅಬ್ದುಲ್ಲಾ ಎಂಬ ಮಲಯ ಮುಖಂಡರು ಬ್ರಿಟಿಷರ ಬೆನ್ನು ಹತ್ತಿ ತಮ್ಮ ಜನಕ್ಕಾಗಿ ಕಂಪುಂಗ್ ಮೆಲಾಯು ಎಂಬ ಊರು ಮಾಡಿಸಿಕೊಂಡಿದ್ದರು. ಹೆದ್ದಾರಿಗೂ ಫ್ಲ್ಯಾಟ್‌ಗಳಿಗೂ ಬೇಕೆಂದು 1980ರ ದಶಕದಲ್ಲಿ ಅದು ಹೋಯಿತು. ಈಗ ಯೂನೋಸ್ ಅನ್ನುವುದು ಒಂದು ಮೆಟ್ರೋ ನಿಲ್ದಾಣ. ಅದರ ಮಾಡು ಮಾತ್ರ ಸುಮಾತ್ರಾದ ಮಿನಾಂಗ್‌ಕಬಾವು ಜನರ ಮನೆಯಂತೆ ಎರಡೂ ತುದಿಗೆ ಕೊಂಬಿನ ಹಾಗೆ ಎತ್ತಿಕೊಂಡಿದೆ. ತಂಪಿನಿಸ್ ಅನ್ನುವ ದೊಡ್ಡ ಫ್ಲ್ಯಾಟ್ ಊರಿಗೆ ಆ ಹೆಸರು ಬಂದದ್ದು ಅಲ್ಲಿದ್ದ ತೆಂಪಿನಿಸ್ ಮರಗಳಿಂದ. ಗೆಯ್ಲಾಂಗ್ ಸೆರಾಯ್‌ನ 'ಸೆರಾಯ್' ಅಂದರೆ ಮಜ್ಜಿಗೆ ಹುಲ್ಲು.

ಊರು ಹೋಗಿ ಫ್ಲ್ಯಾಟ್ ಬಂದರೂ ಮಲಯರು ಬೆಡೋಕ್, ತಂಪಿನಿಸ್ ಕಡೆ ಮತ್ತೆ ಹತ್ತಿರ ಹತ್ತಿರ ಸೇರತೊಡಗಿದರು. ಅಣ್ಣನ ಮನೆ ಪಕ್ಕ ತಮ್ಮನ ಮನೆ ಇರಲಿ ಅನ್ನುವುದು ಸಹಜ ಅಲ್ವಾ? ಆದರೆ 1964ರ ಜನಾಂಗೀಯ ಗಲಭೆ ನೋಡಿದ್ದ ಸರ್ಕಾರಕ್ಕೆ ಅದು ಬೇಡವಾಗಿತ್ತು. 1989ರಲ್ಲಿ ಮಿತಿ ಬಂತು. ಒಂದು ಬ್ಲಾಕಿನಲ್ಲಿ ಮಲಯರು ಶೇ. 25, ಒಂದು ನೆರೆಹೊರೆಯಲ್ಲಿ ಶೇ. 22 ದಾಟಬಾರದು. ಚೀನೀಯರಿಗೂ ಭಾರತೀಯರಿಗೂ ಅವರವರ ಮಿತಿ. ಸಿಂಗಾಪುರದಲ್ಲಿ ಎಚ್‌ಡಿಬಿ ಮನೆ ಕೊಳ್ಳುವ ಕನ್ನಡಿಗರು 'ಭಾರತೀಯರು ಮತ್ತು ಇತರರು' ಎಂಬ ಪಟ್ಟಿಗೆ ಸೇರುತ್ತಾರೆ. ಬ್ಲಾಕಿನಲ್ಲಿ ಆ ಪಾಲು ತುಂಬಿದ್ದರೆ ಮನೆ ಎಷ್ಟೇ ಇಷ್ಟವಾದರೂ ಚೀನೀ ಮಾಲೀಕರಿಂದ ಅದನ್ನು ಕೊಳ್ಳಲಾಗದು. ಚೀನೀಯರ ಪಾಲು ತುಂಬಿದ ಬ್ಲಾಕಿನಲ್ಲಿ ಮಲಯ ಕುಟುಂಬ ಮನೆ ಮಾರಬೇಕಾದರೂ ಅಷ್ಟೇ, ಚೀನೀಯರಿಗೆ ಮಾರುವಂತಿಲ್ಲ. ಆಗ ಕೊಳ್ಳುವವರು ಮಲಯರೋ, ಪಾಲು ತುಂಬಿರದಿದ್ದರೆ ಭಾರತೀಯರೋ ಆಗಬೇಕು. ಹಾಗಾಗಿ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಎಲ್ಲರೂ ಬೆರೆತು ಬಾಳಲಿ ಅನ್ನುವ ಉದ್ದೇಶ ಒಳ್ಳೆಯದೇ. ಅದರ ಭಾರ ಸಣ್ಣ ಸಮುದಾಯಗಳ ಮೇಲೆ ಜಾಸ್ತಿ ಬೀಳುತ್ತದೆ ಅನ್ನುವುದೂ ನಿಜವೇ.

ಈಗ ಮನೆಯ ಅಡಿಯ ಜಾಗಕ್ಕೆ ಬರೋಣ. ಎಚ್‌ಡಿಬಿ ಬ್ಲಾಕುಗಳ ನೆಲಮಹಡಿಯಲ್ಲಿ ಮನೆ ಕಟ್ಟದೆ ಕಂಬಗಳ ನಡುವೆ ಖಾಲಿ ಬಿಡುತ್ತಾರೆ. ಅದಕ್ಕೆ 'ವಾಯ್ಡ್ ಡೆಕ್' ಅಂತ ಹೆಸರು. ಕಂಪುಂಗ್ ಮನೆಯನ್ನು ನೋಡಿ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಮಲಯರು ಅದನ್ನು ಬಳಸಿಕೊಂಡ ರೀತಿ ನೋಡಿದರೆ ಕಂಬಗಳ ಮೇಲಿನ ಮನೆಯೇ ಹನ್ನೆರಡು ಮಹಡಿಗೆ ಬೆಳೆದ ಹಾಗೆ ಅನಿಸುತ್ತದೆ.

ಮಲಯರ ಮದುವೆ ಇದ್ದ ದಿನ ಬ್ಲಾಕಿನ ದಾರಿಯುದ್ದಕ್ಕೂ 'ಬುಂಗಾ ಮಂಗಾರ್' ನೆಟ್ಟಿರುತ್ತಾರೆ. ತೆಂಗಿನ ಹೊಂಬಾಳೆಯ ಹಾಗೆ ಕಾಣಲಿ ಅಂತ ಕಡ್ಡಿಗಳಿಗೆ ಬಣ್ಣದ ಮಿರುಗುವ ಕಾಗದ ಸುತ್ತಿ, ಕೋಲಿನ ತುದಿಗೆ ಗೊಂಚಲಾಗಿ ಕಟ್ಟಿದ್ದು. ಅದನ್ನು ನೋಡಿಕೊಂಡು ಹೋದರೆ ಮದುವೆಮನೆ ಸಿಗುತ್ತದೆ, ಯಾರನ್ನೂ ಕೇಳಬೇಕಿಲ್ಲ. ವಾಯ್ಡ್ ಡೆಕ್‌ನಲ್ಲಿ ಕಂಬದಿಂದ ಕಂಬಕ್ಕೆ ಬಟ್ಟೆ ಕಟ್ಟಿ, ಒಂದು ತುದಿಯಲ್ಲಿ ಗಂಡು ಹೆಣ್ಣು ಕೂರುವ ಮಂಟಪ. ಇನ್ನೊಂದು ಕಡೆ ಊಟದ ಮೇಜುಗಳು. ಮದುಮಗ ಬರುತ್ತಲೇ 'ಕೊಂಪಾಂಗ್' ಎಂಬ ಒಂಟಿ ಮುಖದ ಚರ್ಮವಾದ್ಯ ಹಿಡಿದ ಹುಡುಗರ ದಂಡು ಬಡಿಯುತ್ತಾ ಮುಂದೆ ನಡೆಯುತ್ತದೆ. ಕಾಂಕ್ರೀಟ್ ಸೂರಿನಡಿ ಆ ಸದ್ದು ಗುಂಯ್‌ಗುಡುತ್ತದೆ. ಮೇಲಿನ ಮಹಡಿಗಳ ಚೀನೀ, ತಮಿಳು ಅಕ್ಕಪಕ್ಕದವರು ಲಿಫ್ಟ್ ಇಳಿದು ಈ ಮದುವೆಯ ನಡುವೆಯೇ ಹಾದು ಅಂಗಡಿಗೆ ಹೋಗುತ್ತಾರೆ. ಹಿಂದೆ ಅಡುಗೆಯನ್ನೂ ಕಂಪುಂಗ್‌ನವರಂತೆ ನೆಂಟರು, ಅಕ್ಕಪಕ್ಕದವರೇ ಸೇರಿ ರಾತ್ರಿಯಿಡೀ ಮಾಡುತ್ತಿದ್ದರು. ಈಗ ಕೇಟರಿಂಗ್‌ನವರದೇ ಜಾಸ್ತಿ. ಸಾವಾದರೆ ಜನ ಸೇರುವುದೂ ಇಲ್ಲೇ.

ಆದರೂ ಒಂದು ವ್ಯತ್ಯಾಸ ಇದೆ. ಕಂಪುಂಗ್‌ನಲ್ಲಿ ಮನೆಯಡಿಯ ಜಾಗಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ವಾಯ್ಡ್ ಡೆಕ್‌ಗೆ ಅರ್ಜಿ ಹಾಕಿ, ಬಾಡಿಗೆ ಕಟ್ಟಿ, ಸಮಯಕ್ಕೆ ಸರಿಯಾಗಿ ಬಿಟ್ಟುಕೊಡಬೇಕು. ಹಿಂದಿನ ಹಿತ್ತಿಲ ಬಾಗಿಲು ಮಾತ್ರ ಎಲ್ಲೂ ಮತ್ತೆ ಬರಲಿಲ್ಲ. ಫ್ಲ್ಯಾಟಿಗೆ ಇರುವುದು ಒಂದೇ ಬಾಗಿಲು. ಹೆಂಗಸರು ಸೀದಾ ಅಡುಗೆಮನೆಗೆ ಬರುವ ದಾರಿ ಅಲ್ಲಿಗೆ ಮುಚ್ಚಿತು. ನನಗೆ ಕೇಳಿದರೆ ದೊಡ್ಡ ನಷ್ಟ ಅದೇ.

ಸಿಂಗಾಪುರದ ಮುಖ್ಯ ದ್ವೀಪದಲ್ಲಿ ಉಳಿದಿರುವುದು ಒಂದೇ ಕಂಪುಂಗ್, ಲೊರೊಂಗ್ ಬುವಾಂಗ್ಕೊಕ್. ಮಲಯ ಮತ್ತು ಚೀನೀ ಕುಟುಂಬಗಳ ಇಪ್ಪತ್ತೈದರಷ್ಟು ಮನೆ. ಅದು ಯಾಕೆ ಉಳಿಯಿತು ಅಂದರೆ, 1950ರ ದಶಕದಲ್ಲಿ ಆ ನೆಲ ಕೊಂಡ ಕುಟುಂಬ ಅದನ್ನು ಮಾರಲಿಲ್ಲ, ಬಾಡಿಗೆಯನ್ನೂ ಏರಿಸಲಿಲ್ಲ. ಇಲ್ಲೂ ಉಳಿಸಿದ್ದು ಕಾಗದದಲ್ಲಿದ್ದ ಹೆಸರೇ. ಆದರೆ ಸರ್ಕಾರದ ನಕ್ಷೆಯಲ್ಲಿ ಅದೇ ಜಾಗದ ಮೇಲೆ ರಸ್ತೆ, ಶಾಲೆಗಳ ಗೆರೆ ಆಗಲೇ ಬಿದ್ದಿದೆ.

ಇನ್ನು ಕೌಲಾಲಂಪುರ. ಇಲ್ಲಿ ಕಥೆ ತಲೆಕೆಳಗು. ಆಗ ಈ ಪೇಟೆ ಸೇರಿದ್ದ ಸೆಲಾಂಗೋರ್ ರಾಜ್ಯದ ಸುಲ್ತಾನ ಮತ್ತು ಬ್ರಿಟಿಷರು ಸೇರಿ 1899-1900ರ ಹೊತ್ತಿಗೆ ಒಂದು ಜಾಗವನ್ನು ಮಲಯರ ಬೇಸಾಯದ ಊರು ಎಂದು ಗುರುತು ಮಾಡಿಕೊಟ್ಟರು. ಗಣಿ, ವ್ಯಾಪಾರ ಎಲ್ಲ ಬೇರೆಯವರ ಕೈಲಿದ್ದ ಪೇಟೆಯಲ್ಲಿ ಮಲಯರಿಗೂ ಕಾಲೂರಲು ಜಾಗ ಇರಲಿ ಅಂತ. ಅದೇ ಕಂಪುಂಗ್ ಬಾರು, ಅಂದರೆ ಹೊಸ ಹಳ್ಳಿ. ಒಳಗೆ ಏಳು ಸಣ್ಣ ಹಳ್ಳಿಗಳು. ಬೇಸಾಯ ಅಷ್ಟಾಗಿ ಕೈಹಿಡಿಯಲಿಲ್ಲ, ಊರು ಉಳಿಯಿತು. 1946ರ ಮಾರ್ಚಿನಲ್ಲಿ ಮಲಯ ಸಂಘಟನೆಗಳೆಲ್ಲ ಸೇರಿದ ಮೊದಲ ಸಮ್ಮೇಳನ ನಡೆದದ್ದು ಇಲ್ಲಿನ ಸುಲ್ತಾನ್ ಸುಲೈಮಾನ್ ಕ್ಲಬ್ಬಿನಲ್ಲೇ. ಹಾಗಾಗಿ ಈ ಊರು ಅಂದರೆ ಮಲಯರಿಗೆ ಬರೀ ನೆಲವಲ್ಲ.

ಇಲ್ಲಿ ಪತ್ರದಲ್ಲಿ ಹೆಸರಿತ್ತು. ಜೊತೆಗೆ ಒಂದು ಬೇಲಿಯೂ ಇತ್ತು. ಈ ನೆಲವನ್ನು ಮಲಯರಲ್ಲದವರಿಗೆ ಮಾರುವಂತಿಲ್ಲ. ಹೀಗಾಗಿ ಸುತ್ತಲಿನ ನೆಲ ಒಂದೊಂದಾಗಿ ದೊಡ್ಡ ಕಂಪನಿಗಳಿಗೆ ಹೋದರೂ ಇದು ಹೋಗಲಿಲ್ಲ.

ಬೇಲಿಗಿಂತ ಗಟ್ಟಿಯಾದದ್ದು ಇನ್ನೊಂದಿದೆ, ಪಾಲು. ಇಸ್ಲಾಮಿನ ಪ್ರಕಾರ ಆಸ್ತಿ ಹಂಚುವ ಕ್ರಮಕ್ಕೆ 'ಫರಾಯಿದ್' ಅಂತಾರೆ. ಮಗನಿಗೆ ಮಗಳ ಎರಡರಷ್ಟು. ಗಂಡ, ಹೆಂಡತಿ, ತಂದೆತಾಯಿಗೂ ಗೊತ್ತಾದ ಪಾಲು. ಒಂದು ಲೆಕ್ಕ ಹಾಕಿ ನೋಡೋಣ. 5,000 ಚದರ ಅಡಿ ಜಾಗ. ಹೆಂಡತಿ ತೀರಿಕೊಂಡ ಅಜ್ಜನಿಗೆ ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಆರು ಪಾಲಿನಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಆರನೇ ಒಂದು ಪಾಲಿನ ಮಗಳು ತೀರಿಕೊಂಡರೆ ಅದರಲ್ಲಿ ಕಾಲು ಭಾಗ ಗಂಡನಿಗೆ. ಉಳಿದದ್ದು ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿಗೆ. ಆ ಮೊಮ್ಮಗಳಿಗೆ ಸಿಗುವುದು ಇಡೀ ಜಾಗದ 32ನೇ ಒಂದು ಭಾಗ, ಅಂದರೆ ಸುಮಾರು 156 ಚದರ ಅಡಿ. ಹನ್ನೆರಡು ಅಡಿಗೆ ಹದಿಮೂರು ಅಡಿಯ ಒಂದು ಕೋಣೆ, ಅಷ್ಟೇ. ಇದು ಬರೀ ಎರಡು ಸಾವಿನ ಲೆಕ್ಕ. ಕಂಪುಂಗ್ ಬಾರು ಕಂಡಿರುವುದು ನಾಲ್ಕೈದು ತಲೆಮಾರು.

ಹೀಗೆ ಒಂದೊಂದು ತುಂಡು ಜಾಗಕ್ಕೂ ಹತ್ತಾರು ಮಾಲೀಕರು. ಕೆಲವರು ಅಲ್ಲೇ ಇದ್ದಾರೆ, ಕೆಲವರು ಬೇರೆ ರಾಜ್ಯದಲ್ಲಿ. ಕೆಲವರು ತೀರಿಕೊಂಡಿದ್ದರೂ ಹೆಸರು ಬದಲಾಗಿಲ್ಲ. ಪಹಣಿಯಲ್ಲಿ ಜಂಟಿ ಹೆಸರಿದ್ದು, ಒಬ್ಬ ದಾಯಾದಿಯ ಸಹಿಗಾಗಿ ವರ್ಷಗಟ್ಟಲೆ ಅಲೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಾರಲು ಎಲ್ಲರ ಒಪ್ಪಿಗೆ ಬೇಕು, ಎಲ್ಲರೂ ಒಟ್ಟಿಗೆ ಸಿಗುವುದೇ ಇಲ್ಲ.

ಮಲೇಷ್ಯಾ ಸರ್ಕಾರ 2011ರಲ್ಲಿ ಕಂಪುಂಗ್ ಬಾರುಗೆಂದೇ ಒಂದು ಅಭಿವೃದ್ಧಿ ನಿಗಮದ ಕಾಯ್ದೆ ತಂದಿತು. 2019ರಲ್ಲಿ ಚದರ ಅಡಿಗೆ 1,000 ರಿಂಗಿಟ್‌ವರೆಗೂ ಕೊಡುತ್ತೇವೆ ಎಂದಿತು. ಮಾಲೀಕರು ಒಟ್ಟು ಐದು ಸಾವಿರಕ್ಕೂ ಹೆಚ್ಚು. ಒಪ್ಪಿದವರೂ ಇದ್ದರು. ನದಿಯ ಆಚೆ, ಗೋಪುರಗಳ ಕಡೆಯ ನೆಲಕ್ಕೆ ಇದಕ್ಕಿಂತ ಬಹಳ ಜಾಸ್ತಿ ಬೆಲೆ ಇರುವಾಗ ನಮಗೆ ಯಾಕೆ ಇಷ್ಟು ಎಂದವರೂ ಇದ್ದರು. ಮೇಲಿನ ಲೆಕ್ಕದ ಮೊಮ್ಮಗಳಿಗೆ ಬರುವುದು ಒಂದೂವರೆ ಲಕ್ಷ ರಿಂಗಿಟ್ ಚಿಲ್ಲರೆ. ಆ ದುಡ್ಡಿಗೆ ಗೋಪುರಗಳ ನೆರಳಿನಲ್ಲಿ ಒಂದು ಮನೆ ಬರುವುದಿಲ್ಲ. ಮುಂದಿನ ವರ್ಷದ ಮೊದಲಲ್ಲೇ ಆ ಸರ್ಕಾರ ಬಿದ್ದುಹೋಯಿತು.

ಕೈಯಲ್ಲಿ ಇಂಥ ಪತ್ರ ಇಲ್ಲದಿದ್ದ ಕಂಪುಂಗ್‌ಗಳಿಗೆ ಇದೇ ಪೇಟೆಯಲ್ಲಿ ಇಷ್ಟು ಕಾಲ ಸಿಗಲಿಲ್ಲ. ಕಂಪುಂಗ್ ಅಬ್ದುಲ್ಲಾ ಹುಕುಂ ಇದ್ದ ಕಡೆ ಈಗ ಮಾಲ್ ಮತ್ತು ಗೋಪುರಗಳಿವೆ. ಊರು ಕಟ್ಟಿದ ಹಿರಿಯರ ಹೆಸರು ರೈಲು ನಿಲ್ದಾಣದಲ್ಲಿ ಉಳಿದಿದೆ.

ಕಂಪುಂಗ್ ಬಾರುವಿನಲ್ಲೂ ಎಲ್ಲ ಹಾಗೇ ಇದೆ ಅಂತಲ್ಲ. ಮಾಲೀಕರು ಒಪ್ಪಿದ ಕಡೆ ಬಹುಮಹಡಿ ಕಟ್ಟಡ ಎದ್ದಿವೆ. ಒಪ್ಪದ ಕಡೆ ಮರದ ಮನೆ ರಿಪೇರಿ ಇಲ್ಲದೆ ವಾಲಿದೆ. ಐವತ್ತು ಜನರ ಮನೆಗೆ ಬಣ್ಣ ಬಳಿಸುವವರು ಯಾರು? ಉಳಿಸಿದ ಪತ್ರವೇ ಮನೆಯನ್ನು ಕೊಳೆಸುತ್ತಲೂ ಇದೆ.

2020ರಲ್ಲಿ ಕಂಪುಂಗ್ ಬಾರುವಿನಿಂದ ಗೋಪುರಗಳ ಕಡೆಗೆ ಕ್ಲಾಂಗ್ ನದಿ, ಹೆದ್ದಾರಿ ಎರಡನ್ನೂ ದಾಟುವ ಕಾಲ್ಸೇತುವೆ ತೆರೆಯಿತು. ಹೆಸರು ಸಲೋಮಾ. ಅದರ ಆಕಾರ ಮಲಯರು ಮದುವೆಯಲ್ಲಿ ಗೋಪುರದಂತೆ ಜೋಡಿಸಿ ಕೊಡುವ ವೀಳ್ಯದೆಲೆಯ ಕಟ್ಟಿನದು. ಉದ್ದ ಬರೀ 69 ಮೀಟರ್. ಈಗ ಹಳ್ಳಿಯ ಹುಡುಗರು ಐದು ನಿಮಿಷದಲ್ಲಿ ಆಚೆ ಕಡೆಯ ಕಚೇರಿಗಳಿಗೆ ನಡೆದು ಹೋಗುತ್ತಾರೆ, ಮಧ್ಯಾಹ್ನ ಕಚೇರಿಯವರು ಈಚೆ ಬಂದು ನಾಸಿ ಲೆಮಾಕ್, ಅಂದರೆ ತೆಂಗಿನಹಾಲಿನ ಅನ್ನ, ತಿಂದು ಹೋಗುತ್ತಾರೆ.